ಕಿಟಕಿ ಕಟ್ಟೆಯ ಮೇಲಿನ ನಾಲ್ಕು ಬಾಟಲಿ

ಹಾಸ್ಟೆಲ್‌ನಲ್ಲಿ ನಮಗೆ ಹೆಸರಿಲ್ಲ, ಊರೇ ಹೆಸರು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಮೊದಲನೇ ಸೆಮಿಸ್ಟರಿನಲ್ಲಿ ಯಾರೋ ಸೀನಿಯರು ಹಾಗೆ ಕರೆದರು, ಅದೇ ಗಟ್ಟಿಯಾಯಿತು. ಈಗ ಮೆಸ್ಸಿನ ಲೆಕ್ಕದ ಪುಸ್ತಕದಲ್ಲೂ ನಾವು ಊರಿನ ಹೆಸರಿನಿಂದಲೇ ಇದ್ದೇವೆ. ಬೆಳಗಾವಿ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಒಂದೇ ಕೋಣೆಯಲ್ಲಿ ಸೇರಿದ್ದು ಆಕಸ್ಮಿಕ. ನಾಲ್ಕಕ್ಕೂ ಒಂದೇ ವರ್ಷ ಕಣ್ಣು ಉರಿಯಲಿಕ್ಕೆ ಹತ್ತಿದ್ದು ಮಾತ್ರ ಆಕಸ್ಮಿಕ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ಏಳನೇ ಸೆಮಿಸ್ಟರು. ಹಗಲೆಲ್ಲ ಏಸಿ ಹಾಕಿದ ಲ್ಯಾಬು, ರಾತ್ರಿ ಪ್ರಾಜೆಕ್ಟು, ಅದು ಮುಗಿದ ಮೇಲೆ ಪ್ಲೇಸ್‌ಮೆಂಟಿನ ಕೋಡಿಂಗು, ಅದೂ ಮುಗಿದ ಮೇಲೆ ದೀಪ ಆರಿಸಿ ಮೊಬೈಲು. ಮೊದಲು ಕಣ್ಣಲ್ಲಿ ಮಣ್ಣಿನ ಕಣ ಬಿದ್ದ ಹಾಗೆ ಚುಚ್ಚುತ್ತಿತ್ತು. ಆಮೇಲೆ ಬೆಳಿಗ್ಗೆ ಎದ್ದಾಗ ರೆಪ್ಪೆ ಅಂಟಿಕೊಂಡಿರುತ್ತಿತ್ತು. ಸಂಜೆ ಹೊತ್ತಿಗೆ ಸ್ಕ್ರೀನಿನ ಅಕ್ಷರ ಮಸುಕಾಗಿ, ಒಮ್ಮೆ ಕಣ್ಣು ಪಿಳುಕಿಸಿದರೆ ಸರಿಯಾಗಿ, ಮತ್ತೆ ಮಸುಕಾಗುತ್ತಿತ್ತು. ವಿಚಿತ್ರವೆಂದರೆ ಕಣ್ಣಲ್ಲಿ ನೀರು ಮಾತ್ರ ಧಾರಾಳ. ಹೊರಗೆ ಗಾಳಿಗೆ ಬಂದರೆ ಸಾಕು, ಅಳುವವರ ಹಾಗೆ ಕಾಣುತ್ತಿದ್ದೆವು.

ಔಷಧಿ ಅಂಗಡಿಗೆ ಹೋಗಿ "ಕಣ್ಣಿನ ಡ್ರಾಪ್ಸ್ ಕೊಡ್ರಿ" ಅಂದೆವು. ಈ ಒಂದು ವಾಕ್ಯದಿಂದ ಏನೇನು ಸಿಗುತ್ತದೆ ಅನ್ನುವುದಕ್ಕೆ ನಮ್ಮ ಕಿಟಕಿ ಕಟ್ಟೆಯೇ ಸಾಕ್ಷಿ. ಒಬ್ಬೊಬ್ಬರು ಒಂದೊಂದು ದಿನ, ಒಂದೊಂದು ಅಂಗಡಿಗೆ ಹೋಗಿದ್ದೆವು. ಸವದತ್ತಿಗೆ ಸಿಕ್ಕಿದ್ದು ಕೆಂಪು ಹೋಗಿಸುವ ಡ್ರಾಪ್ಸು. ಹಾಕಿದ ಐದು ನಿಮಿಷದಲ್ಲಿ ಕಣ್ಣು ಹಾಲಿನ ಹಾಗೆ ಬೆಳ್ಳಗೆ. ನಾವೆಲ್ಲ ಅವನ ಬಾಟಲಿಗೆ ಮುಗಿಬಿದ್ದೆವು. ನಾಲ್ಕನೇ ದಿನಕ್ಕೆ, ಡ್ರಾಪ್ಸಿನ ಪ್ರಭಾವ ಇಳಿದ ಕೂಡಲೇ ಕಣ್ಣು ಮೊದಲಿಗಿಂತ ಕೆಂಪು. ನಾಫಜೋಲಿನ್ ಅನ್ನುವುದು ಅದರೊಳಗಿನ ಮದ್ದು. ಅದು ರಕ್ತನಾಳಗಳನ್ನು ಹಿಂಡಿ ಸಣ್ಣ ಮಾಡುತ್ತದೆ ಅಷ್ಟೇ, ಕಣ್ಣಿಗೆ ಒಂದು ತೊಟ್ಟು ತಂಪನ್ನೂ ಕೊಡುವುದಿಲ್ಲ. ಬಿಟ್ಟಾಗ ನಾಳಗಳು ಸೇಡು ತೀರಿಸಿಕೊಂಡಂತೆ ಹಿಗ್ಗುತ್ತವೆ. ಬೈಲಹೊಂಗಲಕ್ಕೆ ಸಿಕ್ಕಿದ್ದು ಒಂದು ಆಂಟಿಬಯಾಟಿಕ್. ಸೋಂಕೇ ಇಲ್ಲದ ಕಣ್ಣಿಗೆ ಅದು ಯಾತಕ್ಕೆ ಅಂತ ಕೇಳಲಿಕ್ಕೆ ಆಗ ನಮಗೇ ಗೊತ್ತಿರಲಿಲ್ಲ. ಕಿತ್ತೂರಿಗೆ ಸಿಕ್ಕಿದ್ದು ರೋಸ್ ವಾಟರು. ಅದನ್ನು ಮಾತ್ರ ಅವನು ಮುಖಕ್ಕೆ ಹಚ್ಚಿಕೊಂಡು ಖಾಲಿ ಮಾಡಿದ.

ರಾಮದುರ್ಗ ಅಂಗಡಿಗೆ ಹೋಗಲೇ ಇಲ್ಲ. ದಸರಾ ರಜೆಗೆ ಊರಿಗೆ ಹೋದವನು ಅಪ್ಪನ ಬಾಟಲಿಗಳಲ್ಲಿ ಒಂದನ್ನು ಚೀಲಕ್ಕೆ ಹಾಕಿಕೊಂಡು ಬಂದಿದ್ದ. "ಇದು ಭಾಳ ಪವರ್ ಐತಿ ನೋಡ್ರಲೇ. ನಮ್ಮಪ್ಪ ಇದನ್ನ ಹಾಕ್ಕೊಂಡ ಮಗ್ಗದ ಮುಂದ ಕುಂದರತಾನ." ಹಾಕಿಕೊಂಡೆವು. ಎರಡೇ ದಿನಕ್ಕೆ ಉರಿ ಇಲ್ಲ, ಕೆಂಪಿಲ್ಲ, ಚುಚ್ಚುವುದಿಲ್ಲ. ಎಂಟು ಕಣ್ಣು, ಒಂದು ಬಾಟಲಿ. ಹಂಚಿಕೊಳ್ಳಬಾರದು ಅನ್ನುವುದು ನಮಗೆ ಗೊತ್ತಿರಬೇಕಿತ್ತು. ಉಣ್ಣುವ ತಟ್ಟೆಯನ್ನೇ ಹಂಚಿಕೊಳ್ಳುವವರಿಗೆ ಬಾಟಲಿಯ ತುದಿ ಯಾವ ಲೆಕ್ಕ? ಆ ಬಾಟಲಿ ಮುಗಿದ ಮೇಲೆ ಉರಿ ವಾಪಸು ಬಂತು. ಖಾಲಿ ಬಾಟಲಿ ಕಿಟಕಿ ಕಟ್ಟೆಯ ಮೇಲೆ ಹಾಗೇ ಉಳಿಯಿತು.

ಕೊನೆಗೆ ಜನವರಿಯಲ್ಲಿ, ಬನದ ಹುಣ್ಣಿಮೆಯ ಹಿಂದಿನ ವಾರ, ಹುಬ್ಬಳ್ಳಿಯ ಒಂದು ಕಣ್ಣಿನ ಆಸ್ಪತ್ರೆಗೆ ನಾಲ್ವರೂ ಹೋದೆವು. ಫೋನಿನಲ್ಲಿ ಹೆಸರು ಹಚ್ಚಿದಾಗ "ಈಗ ಹಾಕ್ಕೊಳ್ಳೋ ಎಲ್ಲಾ ಬಾಟಲಿ ತಗೊಂಡು ಬರ್ರಿ" ಅಂದಿದ್ದರು. ಹೀಗಾಗಿ ಕಿಟಕಿ ಕಟ್ಟೆಯ ಸಂಸಾರವನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡು ಹೋಗಿದ್ದೆವು.

ಅಲ್ಲಿ ಆದ ಎರಡು ಪರೀಕ್ಷೆ ನಮ್ಮಂಥ ಇಂಜಿನಿಯರಿಂಗ್ ಹುಡುಗರಿಗೆ ಇಷ್ಟವಾಗುವಂಥವು, ಯಾಕೆಂದರೆ ಎರಡರಲ್ಲೂ ಯಂತ್ರವೆಂಬುದು ಹೆಚ್ಚೇನಿಲ್ಲ. ಮೊದಲನೆಯದು ಶಿರ್ಮರ್ ಪರೀಕ್ಷೆ. ಒಟ್ಟೋ ಶಿರ್ಮರ್ ಎಂಬ ಜರ್ಮನ್ ವೈದ್ಯ 1903ರಲ್ಲಿ ಹೇಳಿದ್ದು. 5 ಮಿಲಿಮೀಟರ್ ಅಗಲ, 35 ಮಿಲಿಮೀಟರ್ ಉದ್ದದ ಫಿಲ್ಟರ್ ಕಾಗದದ ಪಟ್ಟಿಯ ತುದಿಯನ್ನು ಮಡಚಿ ಕೆಳರೆಪ್ಪೆಗೆ ಸಿಕ್ಕಿಸುತ್ತಾರೆ. ಐದು ನಿಮಿಷದಲ್ಲಿ ಎಷ್ಟು ಮಿಲಿಮೀಟರ್ ಒದ್ದೆಯಾಯಿತು ಅಂತ ಅಳೆಯುತ್ತಾರೆ. ಅಷ್ಟೇ. ನಾಲ್ಕು ಮಂದಿ ಬೆಂಚಿನ ಮೇಲೆ ಸಾಲಾಗಿ, ಕಣ್ಣಿಂದ ಕಾಗದ ಜೋತುಬಿಟ್ಟುಕೊಂಡು ಕೂತಿದ್ದೆವು. ಎದುರು ಕೂತ ಒಂದು ಸಣ್ಣ ಹುಡುಗಿ ನಮ್ಮನ್ನು ನೋಡಿ ಅವ್ವನ ಸೆರಗಿನೊಳಗೆ ಮುಖ ಮುಚ್ಚಿಕೊಂಡಿತು. ಎರಡನೆಯದು, ಫ್ಲೋರೆಸೀನ್ ಎಂಬ ಹಳದಿ ಬಣ್ಣವನ್ನು ಕಣ್ಣಿಗೆ ಮುಟ್ಟಿಸಿ, ನೀಲಿ ಬೆಳಕು ಬಿಟ್ಟು, "ಕಣ್ಣು ಪಿಳುಕಿಸಬ್ಯಾಡ್ರಿ" ಅಂತ ಹೇಳಿ ಸೆಕೆಂಡು ಎಣಿಸುವುದು. ಕಣ್ಣೀರಿನ ಪದರ ಎಷ್ಟು ಸೆಕೆಂಡಿಗೆ ಒಡೆದು ಕಪ್ಪು ಕಲೆ ಕಾಣುತ್ತದೆ ಅನ್ನುವುದೇ ಲೆಕ್ಕ. ಹತ್ತು ಸೆಕೆಂಡಿಗಿಂತ ಕಡಿಮೆಯಾದರೆ ಪದರ ನಿಲ್ಲುತ್ತಿಲ್ಲ ಎಂದರ್ಥ. ಕೆಳಗಿಳಿದು ಮುಖ ಒರೆಸಿಕೊಂಡಾಗ ಕರವಸ್ತ್ರವೆಲ್ಲ ಭಂಡಾರದ ಬಣ್ಣ. "ಗುಡ್ಡಕ್ಕ ಹೋಗೂದು ಇಲ್ಲೇ ಆತು" ಅಂದ ಸವದತ್ತಿ.

ಬೈಲಹೊಂಗಲನ ಕಾಗದ ಚೆನ್ನಾಗಿ ಒದ್ದೆಯಾಗಿತ್ತು, ಆದರೆ ಪದರ ನಾಲ್ಕೇ ಸೆಕೆಂಡಿಗೆ ಒಡೆಯಿತು. ನೀರಿಗೆ ಕೊರತೆಯಿಲ್ಲ, ನಿಲ್ಲುವುದಿಲ್ಲ. ಕಣ್ಣೀರು ಅಂದರೆ ಬರೀ ನೀರಲ್ಲವಂತೆ. ಕಣ್ಣಿಗೆ ಅಂಟಿಕೊಳ್ಳುವ ಲೋಳೆ ಕೆಳಗೆ, ನೀರು ನಡುವೆ, ಮೇಲೆ ಎಣ್ಣೆಯ ತೆಳುವಾದ ಪದರ, ಹಾಲಿನ ಮೇಲಿನ ಕೆನೆಯಂತೆ. ಆ ಎಣ್ಣೆ ಬರುವುದು ರೆಪ್ಪೆಯ ಅಂಚಿನ ಮೈಬೋಮಿಯನ್ ಗ್ರಂಥಿಗಳಿಂದ. ಎಣ್ಣೆ ಕಡಿಮೆಯಾದರೆ ನೀರು ಆವಿಯಾಗಿ ಹೋಗುತ್ತದೆ. ಮೇಲ್ಮೈ ಒಣಗಿತು ಅಂತ ನರ ಕೂಗಿಕೊಂಡಾಗ ದೊಡ್ಡ ಗ್ರಂಥಿ ಗಾಬರಿಯಾಗಿ ಒಮ್ಮೆಲೇ ನೀರು ಬಿಡುತ್ತದೆ. ಆ ನೀರು ಕೆನ್ನೆ ಮೇಲೆ ಹರಿದುಹೋಗುತ್ತದೆ, ಕಣ್ಣ ಮೇಲೆ ನಿಲ್ಲುವುದಿಲ್ಲ. ನವಿಲುತೀರ್ಥದ ಗೇಟು ಎತ್ತಿದರೆ ಹೊಲಕ್ಕೆ ನೀರಾವರಿ ಆದಂತಾಗುತ್ತದೆಯೇ? ಒಣಗಿದ ಕಣ್ಣು ಯಾಕೆ ಸೋರುತ್ತದೆ ಅನ್ನುವುದಕ್ಕೆ ನಮಗೆ ಸಿಕ್ಕ ಉತ್ತರ ಇದು.

"ಮೊಡವಿಗೆ ಗುಳಿಗಿ ತಗೋತೀರೇನು?" ಅಂತ ಡಾಕ್ಟರು ಬೈಲಹೊಂಗಲನನ್ನು ಕೇಳಿದರು. ತೆಗೆದುಕೊಳ್ಳುತ್ತಿದ್ದ. ಐಸೊಟ್ರೆಟಿನಾಯಿನ್ ಮುಖದ ಎಣ್ಣೆಯನ್ನು ಕಡಿಮೆ ಮಾಡುವಂತೆ ರೆಪ್ಪೆಯ ಎಣ್ಣೆಯನ್ನೂ ಕಡಿಮೆ ಮಾಡುತ್ತದೆ. ನಮ್ಮ ಹಾಸ್ಟೆಲ್‌ನಲ್ಲಿ ಆ ಗುಳಿಗೆ ನುಂಗುವವರು ಒಬ್ಬಿಬ್ಬರಲ್ಲ, ಆದ್ದರಿಂದ ಇಲ್ಲಿ ಬರೆದಿದ್ದೇವೆ. ನೆಗಡಿಗೆ, ಅಲರ್ಜಿಗೆ ನುಂಗುವ ಗುಳಿಗೆಗಳೂ ಕಣ್ಣನ್ನು ಒಣಗಿಸುತ್ತವೆ. ಕಿತ್ತೂರು ಕಾಂಟ್ಯಾಕ್ಟ್ ಲೆನ್ಸಿನವನು, ರಾತ್ರಿ ಹಾಕಿಕೊಂಡೇ ಮಲಗಿದ ದಿನಗಳೂ ಇವೆ. ಅವನಿಗೆ ಬೈಗುಳ ಬೇರೆ ಸಿಕ್ಕಿತು. ಎಲ್ಲರಿಗೂ ಸಮಾನವಾಗಿ ಸಿಕ್ಕಿದ್ದು ಸ್ಕ್ರೀನಿನ ಬೈಗುಳ. ಸುಮ್ಮನೆ ಮಾತಾಡುವಾಗ ನಿಮಿಷಕ್ಕೆ ಸುಮಾರು 15 ಸಲ ಪಿಳುಕುವ ರೆಪ್ಪೆ ಸ್ಕ್ರೀನಿನ ಮುಂದೆ ಐದಾರಕ್ಕೆ ಇಳಿಯುತ್ತದಂತೆ. ಅವೂ ಅರೆಬರೆ ಪಿಳುಕು.

ಆಮೇಲೆ ಡಾಕ್ಟರು ಪ್ಲಾಸ್ಟಿಕ್ ಚೀಲ ಬಿಚ್ಚಿದರು. ಕೆಂಪು ಹೋಗಿಸುವುದನ್ನು ನೋಡಿ ನಕ್ಕರು. ಆಂಟಿಬಯಾಟಿಕ್ ಪಕ್ಕಕ್ಕಿಟ್ಟರು. ಖಾಲಿ ಬಾಟಲಿಯನ್ನು ಬೆಳಕಿಗೆ ಹಿಡಿದು ಸಣ್ಣ ಅಕ್ಷರ ಓದಿದರು.

"ಇದು ಯಾರದು?"

"ನಮ್ಮಪ್ಪಂದು ರೀ."

"ಅಪ್ಪ ಎಷ್ಟು ದಿವಸದಿಂದ ಹಾಕ್ಕೊಳ್ಳಾಕತ್ತಾರ?"

ರಾಮದುರ್ಗ ಬೆರಳು ಎಣಿಸಿದ. "ಹೋದ ವರ್ಷದ ಹಿಂದಿನ ದೀಪಾವಳಿಯಿಂದ ಇರಬೇಕ್ರಿ. ಬಿಟ್ಟು ಬಿಟ್ಟು. ಈಗೀಗ ದಿನಾ."

ಅದರಲ್ಲಿ ಡೆಕ್ಸಾಮೆಥಾಸೋನ್ ಇತ್ತು. ಸ್ಟಿರಾಯ್ಡು. ಎರಡೇ ದಿನಕ್ಕೆ ನಮ್ಮ ಉರಿ ಹೋದದ್ದು ಯಾಕೆ ಅಂತ ಆಗ ತಿಳಿಯಿತು. ಸ್ಟಿರಾಯ್ಡು ಬೇಕಾದ ರೋಗಕ್ಕೆ, ಬೇಕಾದಷ್ಟು ದಿನ, ಡಾಕ್ಟರ ಕಣ್ಣೆದುರು ಹಾಕಿದರೆ ಒಳ್ಳೆಯ ಮದ್ದೇ. ಕೇಳುವವರಿಲ್ಲದೆ ತಿಂಗಳುಗಟ್ಟಲೆ ಹಾಕಿಕೊಂಡರೆ ಕೆಲವರ ಕಣ್ಣಿನೊಳಗಿನ ಒತ್ತಡ ಏರುತ್ತದೆ, ಒತ್ತಡ ಏರಿದರೆ ನೋಟದ ನರ ಸಾಯುತ್ತ ಹೋಗುತ್ತದೆ. ಅದೇ ಗ್ಲಾಕೋಮಾ. ನೋವಿಲ್ಲ, ಕೆಂಪಿಲ್ಲ. ಅಂಚಿನಿಂದ ನೋಟ ತಿನ್ನುತ್ತ ಬರುತ್ತದೆ, ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬಿಕೊಡುವುದರಿಂದ ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ. ಪೊರೆಯೂ ಬೇಗ ಬರಬಹುದು. ಡಾಕ್ಟರು ಇಷ್ಟನ್ನೂ ಮೆಲ್ಲಗೇ ಹೇಳಿದರು. ನಮ್ಮ ನಾಲ್ವರ ಒತ್ತಡ ಸರಿಯಿತ್ತು. "ಅಪ್ಪನ್ನ ಈ ವಾರ ಕರಕೊಂಡು ಬರ್ರಿ. ಮುಂದಿನ ತಿಂಗಳ ಅನಬ್ಯಾಡ್ರಿ."

ವಾಪಸು ಬರುವಾಗ ಬಸ್ಸಿನಲ್ಲಿ ರಾಮದುರ್ಗ ಮಾತಾಡಲಿಲ್ಲ. ದಸರಾದಲ್ಲಿ ಅಪ್ಪನ ಬಾಟಲಿ ಹೊಗಳಿದವನು ಅವನೇ. ರಾತ್ರಿ ಫೋನು ಹಚ್ಚಿದ. ಅತ್ತ ಕಡೆಯಿಂದ ಪವರ್‌ಲೂಮಿನ ಖಟಪಟದ ನಡುವೆ ಒಂದೇ ಉತ್ತರ ನಮಗೂ ಕೇಳಿಸಿತು: "ಕಣ್ಣು ಛಲೋ ಅದಾವ. ಎಳಿ ಹರದದ್ದು ಕಾಣತೈತಿ. ನೀ ಓದು."

ಅಂಥವರನ್ನು ಫೋನಿನ ಮೇಲೆ ಹುಬ್ಬಳ್ಳಿಗೆ ಕರೆಸಲಿಕ್ಕೆ ಆಗುವುದಿಲ್ಲ. ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ನೆಪ ಮಾಡಿ ನಾಲ್ವರೂ ಹೊರಟೆವು. ಕಿತ್ತೂರಿನಲ್ಲಿ ಇಳಿದು ಒಂದು ಊಟ, ಬೈಲಹೊಂಗಲದಲ್ಲಿ ಇಳಿದು ಒಂದು ಚಹಾ. ಚೆನ್ನಮ್ಮನ ಕೋಟೆ ಒಂದು ಊರಲ್ಲಿ, ಸಮಾಧಿ ಇನ್ನೊಂದು ಊರಲ್ಲಿ. ಚೆನ್ನಮ್ಮ ಯಾರವಳು ಅನ್ನುವ ಜಗಳ ನಮ್ಮ ಕೋಣೆಯಲ್ಲಿ ಮೂರು ವರ್ಷದಿಂದ ನಡೆದಿದೆ, ಬಸ್ಸಿನಲ್ಲೂ ನಡೆಯಿತು. ಹಿಂದಿನ ಸೀಟು, ಮುಚ್ಚಲಾಗದ ಕಿಟಕಿ, ಹತ್ತಿ ತುಂಬಿದ ಗಾಡಿಗಳು, ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರು. ಒಣಗಾಳಿ, ಧೂಳು, ಬಿಸಿಲು. ಸವದತ್ತಿಯ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ನಾವು ಎಷ್ಟೋ ಸಲ ನೋಡಿದ್ದೆವು. ಆ ಗಾಳಿ ನಮ್ಮ ಕಣ್ಣ ಮೇಲಿನ ನೀರನ್ನೂ ಒಯ್ಯುತ್ತದೆ ಅನ್ನುವುದು ಹೊಳೆದದ್ದು ಆವತ್ತು. ಗುಡ್ಡದ ಮೇಲೆ ಉಧೋ ಉಧೋ ಅನ್ನುವ ಕೂಗು, ಎಲ್ಲಿ ನೋಡಿದರೂ ಭಂಡಾರ. ಕಿತ್ತೂರು ಮಾತ್ರ ಈ ಸಲ ಲೆನ್ಸು ತೆಗೆದಿಟ್ಟು ಅಪ್ಪನ ಕಾಲದ ಕನ್ನಡಕ ಹಾಕಿಕೊಂಡು ಬಂದಿದ್ದ. ಹೋದ ವರ್ಷ ಲೆನ್ಸಿನ ಕೆಳಗೆ ಭಂಡಾರ ಹೊಕ್ಕು ಅವನು ಪಟ್ಟ ಪಾಡು ನಮಗೆ ನೆನಪಿದೆ.

ಆ ರಾತ್ರಿ ಸವದತ್ತಿಯ ಮನೆಯಲ್ಲಿ ಉಳಿದೆವು. ಅವನ ಆಯಿ ನಮ್ಮ ಕಣ್ಣು ನೋಡಿ ಹರಳೆಣ್ಣೆ ಬಟ್ಟಲು ತಂದಳು. "ಎರಡ ಹನಿ ಬಿಡತೇನಿ, ಮುಂಜಾನಿ ತಣ್ಣಗ ಆಗತಾವು." ನಾವು ಕಣ್ಣಿಗೆ ಬೇಡ ಅಂದೆವು, ನೆತ್ತಿಗೆ ಅಂಗಾಲಿಗೆ ತಿಕ್ಕಿಸಿಕೊಂಡೆವು. ನಿಜ ಹೇಳಬೇಕೆಂದರೆ ಆಯಿ ಪೂರ್ತಿ ತಪ್ಪಿರಲಿಲ್ಲ. ಎಣ್ಣೆ ಪದರ ಕಡಿಮೆ ಇರುವ ಕಣ್ಣಿಗೆಂದು ಮಾಡಿದ ಕೆಲವು ಡ್ರಾಪ್ಸುಗಳಲ್ಲಿ ಶುದ್ಧ ಮಾಡಿದ ಹರಳೆಣ್ಣೆ ಇರುತ್ತದೆ. ಆದರೆ ಅದು ಕ್ರಿಮಿ ಇಲ್ಲದ್ದು, ಅಡುಗೆಮನೆಯ ಬಟ್ಟಲಿನದಲ್ಲ. ಆಯಿ ಬೇಜಾರಾಗದೆ ಮೋದಿ ಡಾಕ್ಟರ ಕತೆ ತೆಗೆದಳು. ಅವಳ ಅವ್ವನ ಕಣ್ಣಿನ ಪೊರೆ ತೆಗೆದದ್ದು ಡಾಕ್ಟರ್ ಎಂ. ಸಿ. ಮೋದಿ, ಶಾಲೆಯ ಪಡಸಾಲೆಯಲ್ಲಿ ಮಾಡಿದ ಕ್ಯಾಂಪಿನಲ್ಲಿ. ಬೀಳಗಿಯಲ್ಲಿ ಹುಟ್ಟಿದ ಮನುಷ್ಯ, ಹಳ್ಳಿ ಹಳ್ಳಿಗೆ ಹೋಗಿ ಕಣ್ಣು ಕೊಟ್ಟವರು. ಒಂದೇ ದಿನ 833 ಪೊರೆ ಆಪರೇಷನ್ ಮಾಡಿದ್ದಕ್ಕೆ ಗಿನ್ನೆಸ್ ಪುಸ್ತಕದಲ್ಲಿ ಹೆಸರಿತ್ತು. "ಅವ್ವ ಪಟ್ಟಿ ಬಿಚ್ಚಿದ ದಿನ ಮೊದಲ ನನ್ನ ಮೂಗುತಿ ನೋಡಿದಳು" ಅಂದಳು ಆಯಿ. ರಾಮದುರ್ಗ ಎದ್ದು ಹೊರಗೆ ಹೋದ. ಪೊರೆಯ ಕಣ್ಣು ತಿರುಗಿ ಬರುತ್ತದೆ. ಗ್ಲಾಕೋಮಾದಲ್ಲಿ ಹೋದದ್ದು ಬರುವುದಿಲ್ಲ. ಅಷ್ಟು ಹೊತ್ತಿಗೆ ಅವನು ಅದನ್ನೆಲ್ಲ ಓದಿಕೊಂಡಿದ್ದ.

ಮರುದಿನ ರಾಮದುರ್ಗದಲ್ಲಿ ಕಾಕಾ ಮಗ್ಗದ ಮುಂದೆಯೇ ಸಿಕ್ಕರು. ಹತ್ತಿಯ ಧೂಳು ಹುಬ್ಬಿನ ಮೇಲೆ ಕೂತಿತ್ತು. ದಿನಕ್ಕೆ ಹತ್ತು ಹನ್ನೆರಡು ತಾಸು ಓಡುವ ನೂಲನ್ನೇ ನೋಡುವ ಕೆಲಸ, ಎಳೆ ಹರಿದರೆ ತಕ್ಷಣ ಕಾಣಬೇಕು. ನಮ್ಮ ಸ್ಕ್ರೀನು ಬೇರೆ, ಅವರ ಸ್ಕ್ರೀನು ಬೇರೆ. ರೆಪ್ಪೆ ಪಿಳುಕದಿರುವುದು ಒಂದೇ. ಅವರಿಗೂ ಮೊದಲಿಗೆ ಇದ್ದದ್ದು ಬರೀ ಒಣಕಣ್ಣು. ಮೊದಲ ಸಲ ಯಾವುದೋ ಡಾಕ್ಟರು ಒಂದು ವಾರಕ್ಕೆ ಅಂತ ಬರೆದುಕೊಟ್ಟ ಬಾಟಲಿಯನ್ನು ಅವರು ಅಂಗಡಿಯಲ್ಲಿ ತೋರಿಸಿ ತೋರಿಸಿ ತರುತ್ತ ಬಂದಿದ್ದರು. ಚೀಟಿ ಕೇಳಿದವರಿಲ್ಲ. ನಾವು ನಾಲ್ಕು ಮಂದಿ ಸಾಲಾಗಿ ನಿಂತು "ನಮಗೂ ಆಗೇತ್ರಿ ಕಾಕಾ, ನಾವೂ ತೋರಿಸ್ಕೊಂಡ ಬಂದೇವಿ, ಬರ್ರಿ" ಅಂದಾಗ ಅವರಿಗೆ ಸಂಕೋಚವಾಯಿತು. ಮಗನೊಬ್ಬನೇ ಹೇಳಿದ್ದರೆ ಬರುತ್ತಿರಲಿಲ್ಲ.

ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಇರಬೇಕು, ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ. ಕಾಕಾನ ಬಲಗಣ್ಣು 34, ಎಡಗಣ್ಣು 29. ಒಂದು ಬಟ್ಟಲಿನಂಥ ಯಂತ್ರದೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತುವ ಪರೀಕ್ಷೆ ಮಾಡಿದರು. ಛಾಪಿಸಿ ಬಂದ ನಕ್ಷೆಯಲ್ಲಿ ಬಲಗಣ್ಣಿನ ಮೂಗಿನ ಬದಿಗೆ ಒಂದು ಕಪ್ಪು ತುಂಡು ಇತ್ತು. ಕಾಕಾ ಅದನ್ನು ಬಹಳ ಹೊತ್ತು ನೋಡಿದರು, ನೇಯ್ಗೆಯಲ್ಲಿ ಬಿದ್ದ ತೂತು ನೋಡುವ ಹಾಗೆ. "ಇದು ನನಗ ಕಾಣವಲ್ದೂ ಅನ್ನೂದ ನನಗ ಗೊತ್ತ ಇಲ್ಲಲ್ರೀ" ಅಂದರು. ಡಾಕ್ಟರು ಹೇಳಿದ್ದು ಇಷ್ಟೇ: "ಹೋದದ್ದು ಬರೂದಿಲ್ಲ. ಉಳದದ್ದು ಉಳಸೂಣು." ಸ್ಟಿರಾಯ್ಡು ನಿಂತಿತು, ಒತ್ತಡ ಇಳಿಸುವ ಹನಿ ಶುರುವಾಯಿತು. ಒಣಕಣ್ಣಿಗೆ ಬೇರೆ ಹನಿ. ಆ ಬೇರೆ ಹನಿ ಯಾವುದು, ಯಾವುದು ಹಿತವಾಗುತ್ತದೆ ಅನ್ನುವ ನಮ್ಮ ಹುಡುಕಾಟ ಅಲ್ಲಿಂದ ಮುಂದೆ ಆಟವಾಗಿ ಉಳಿಯಲಿಲ್ಲ. ಕಾಕಾಗೆ ಹಿತವೆನಿಸದಿದ್ದರೆ ಅವರು ಹಳೆಯ ಬಾಟಲಿಗೇ ಕೈ ಹಾಕುತ್ತಾರೆ, ಅದು ನಮಗೆ ಖಾತ್ರಿಯಿತ್ತು.

ಕೃತಕ ಕಣ್ಣೀರು ಅಂತ ಮಾರುವುದರಲ್ಲಿ ಬ್ರ್ಯಾಂಡುಗಳು ಲೆಕ್ಕವಿಲ್ಲದಷ್ಟು, ಒಳಗಿನ ಸರಕು ಮಾತ್ರ ಬೆರಳೆಣಿಕೆ. ಎಲ್ಲಕ್ಕಿಂತ ಹೆಚ್ಚು ಸಿಗುವುದು ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್, ಸಿಎಂಸಿ. ರಿಫ್ರೆಶ್ ಟಿಯರ್ಸ್‌ನಲ್ಲಿ ಇರುವುದು ಅದೇ, 0.5 ಪ್ರತಿಶತ. ಅದೇ ಸರಕು ಜನೌಷಧಿ ಅಂಗಡಿಯಲ್ಲಿ ಇನ್ನೂ ಅಗ್ಗ. ಇದರ ಮೂಲ ಹುಡುಕುತ್ತ ಹೋದ ಬೈಲಹೊಂಗಲ ಒಂದು ರಾತ್ರಿ ಕೂಗಿಕೊಂಡ. ಸಿಎಂಸಿ ಮಾಡುವುದು ಮರದ ತಿರುಳಿನಿಂದ, ಇಲ್ಲವೆ ಹತ್ತಿಕಾಳಿಗೆ ಅಂಟಿ ಉಳಿಯುವ ಸಣ್ಣ ನಾರಿನಿಂದ. ಅವನ ಊರಿನ ಜಿನ್ನಿಂಗ್ ಮಿಲ್ಲುಗಳಲ್ಲಿ ಅರಳೆ ಬಿಡಿಸಿದ ಮೇಲೆ ಕಾಳಿನ ಮೇಲೆ ಉಳಿಯುತ್ತದಲ್ಲ, ಅಂಥದೇ. ಅದನ್ನು ಕೇಳಿ ರಾಮದುರ್ಗ ಇನ್ನೊಂದು ಹೇಳಿದ: ಹಾಸು ನೂಲು ಹರಿಯದಿರಲಿ ಅಂತ ಗಂಜಿ ಹಾಕುತ್ತಾರಲ್ಲ, ಜವಳಿ ಉದ್ಯಮದಲ್ಲಿ ಆ ಗಂಜಿಯ ಕೆಲಸಕ್ಕೂ ಸಿಎಂಸಿ ಬಳಸುತ್ತಾರೆ. ನೂಲಿನ ಮೈ ಸವೆಯದಂತೆ ಕಾಪಾಡುವುದೂ ಅದೇ, ಕಣ್ಣಿನ ಮೈ ಸವೆಯದಂತೆ ಕಾಪಾಡುವುದೂ ಅದೇ. ಕಾಕಾಗೆ ಇದನ್ನು ಫೋನಿನಲ್ಲಿ ಹೇಳಿದಾಗ ನಕ್ಕರು. ಹನಿಯ ಮೇಲೆ ಅವರಿಗೆ ನಂಬಿಕೆ ಬಂದದ್ದು ಆ ದಿನದಿಂದ ಅಂತ ನಮ್ಮ ಅಂದಾಜು.

ಇನ್ನೊಂದು ಜಾತಿ ಸಿಸ್ಟೇನ್‌ನಂಥದು. ಪಾಲಿಎಥಿಲೀನ್ ಗ್ಲೈಕಾಲ್ ಮತ್ತು ಪ್ರೊಪಿಲೀನ್ ಗ್ಲೈಕಾಲ್ ಜೊತೆಗೆ ಅದರಲ್ಲಿ ಗ್ವಾರ್ ಅಂಟಿನಿಂದ ಮಾಡಿದ ಒಂದು ವಸ್ತು ಇದೆ. ಗ್ವಾರ್ ಅಂದರೆ ಮತ್ತೇನಲ್ಲ, ನಮ್ಮ ಮೆಸ್ಸಿನಲ್ಲಿ ವಾರಕ್ಕೆ ಎರಡು ಸಲ ಪಲ್ಯವಾಗಿ ಬಂದು ನಾವು ತಟ್ಟೆಯ ಅಂಚಿಗೆ ತಳ್ಳುವ ಚವಳಿಕಾಯಿ. ಬಾಟಲಿಯಲ್ಲಿ ತೆಳ್ಳಗಿದ್ದು, ಕಣ್ಣೀರಿಗೆ ಸೇರಿದ ಮೇಲೆ ಮೆತ್ತಗೆ ಗಟ್ಟಿಯಾಗುವ ಗುಣ ಅದಕ್ಕಿದೆ. ಕಿತ್ತೂರಿಗೆ ಇದೇ ಹಿಡಿಸಿತು.

ಮೆಕ್ಯಾನಿಕಲ್‌ನವನಾದ ಸವದತ್ತಿಗೆ ಇಷ್ಟವಾದದ್ದು ಸೋಡಿಯಂ ಹಯಲುರೊನೇಟ್. ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ 1934ರಲ್ಲಿ ಆಕಳ ಕಣ್ಣಿನೊಳಗಿನ ಲೋಳೆಯಿಂದ ಹಯಲುರೊನಿಕ್ ಆಮ್ಲವನ್ನು ಬೇರ್ಪಡಿಸಿದರು. ಈಗ ಬ್ಯಾಕ್ಟೀರಿಯಾ ಬೆಳೆಸಿ ತಯಾರಿಸುತ್ತಾರೆ. ನಾವು ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಎರಡು ಅಂಕಕ್ಕೆ ಬರೆದು ಮರೆತ ನಾನ್-ನ್ಯೂಟೋನಿಯನ್ ದ್ರವ ಇದು. ರೆಪ್ಪೆ ಸರ್ರನೆ ಜಾರುವಾಗ ತೆಳ್ಳಗಾಗಿ ಎಡೆಮಾಡಿಕೊಡುತ್ತದೆ, ಕಣ್ಣು ತೆರೆದು ನಿಂತಾಗ ಮತ್ತೆ ಮಂದವಾಗಿ ಅಲ್ಲೇ ಕೂರುತ್ತದೆ. ಬರೀ ಮಂದವಾದ ದ್ರವವಾದರೆ ಪ್ರತಿ ಪಿಳುಕಿಗೂ ರೆಪ್ಪೆ ಎಳೆದಂತಾಗುತ್ತಿತ್ತು. ಬರೀ ತೆಳ್ಳಗಿನದಾದರೆ ಹರಿದುಹೋಗುತ್ತಿತ್ತು. 'ಹಿತ' ಅನ್ನುವ ಮಾತಿಗೆ ನಮಗೆ ಸಿಕ್ಕ ಇಂಜಿನಿಯರಿಂಗ್ ವಿವರಣೆ ಇದೊಂದೇ.

ಜೆಲ್ಲಿನ ಕತೆ ಬೇರೆ. ಕಾರ್ಬೊಮರ್ ಜೆಲ್, ಕೊರೋನಾ ಕಾಲದಲ್ಲಿ ಕೈಗೆ ಸವರಿಕೊಂಡ ಸ್ಯಾನಿಟೈಸರನ್ನು ಮಂದ ಮಾಡುತ್ತಿದ್ದ ಪಾಲಿಮರಿನ ಮನೆತನದ್ದು. ಹನಿ ಅರ್ಧ ತಾಸು ನಿಂತರೆ ಜೆಲ್ ಎಷ್ಟೋ ಹೊತ್ತು ನಿಲ್ಲುತ್ತದೆ. ಹಾಗಂತ ಬೈಲಹೊಂಗಲ ಇಂಟರ್ನಲ್ಸ್‌ನ ವೈವಾಕ್ಕೆ ಹೋಗುವ ಮೊದಲು ಎರಡೂ ಕಣ್ಣಿಗೆ ತುಂಬಿಕೊಂಡು ಹೋದ. ಹತ್ತು ಹದಿನೈದು ನಿಮಿಷ ಲೋಕವೆಲ್ಲ ಮಂಜು. ಎದುರು ಕೂತವರು ಹೆಚ್‌ಓಡಿ ಅಂತ ಗೊತ್ತಾಗದೆ ಹೊರಗಿನ ಎಕ್ಸಾಮಿನರ್ ಅಂದುಕೊಂಡು ಹೊಸದಾಗಿ ಪರಿಚಯ ಮಾಡಿಕೊಂಡ. ಜೆಲ್ಲು ರಾತ್ರಿ ಮಲಗುವ ಮುಂದೆ ಹಾಕುವಂಥದು. ಗಾಡಿ ಓಡಿಸುವ ಮೊದಲು ಅಲ್ಲ, ಲೆನ್ಸಿನ ಮೇಲೆ ಅಲ್ಲವೇ ಅಲ್ಲ. ಮುಂಜಾನೆ ರೆಪ್ಪೆ ಅಂಟುವುದು ನಮ್ಮಲ್ಲಿ ಮೂವರಿಗೆ ಅದರಿಂದಲೇ ನಿಂತಿತು. ಬೈಲಹೊಂಗಲನಿಗೆ ಅದಕ್ಕಿಂತ ಹೆಚ್ಚು ಉಪಯೋಗವಾದದ್ದು ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ. ಮುಚ್ಚಿದ ರೆಪ್ಪೆಯ ಮೇಲೆ ಹತ್ತು ನಿಮಿಷ ಇಟ್ಟರೆ ಗ್ರಂಥಿಯೊಳಗೆ ತುಪ್ಪದ ಹಾಗೆ ಹೆಪ್ಪುಗಟ್ಟಿದ ಎಣ್ಣೆ ಕರಗುತ್ತದೆ. ಮೊಡವೆ ಗುಳಿಗೆಯನ್ನು ಚರ್ಮದ ಡಾಕ್ಟರನ್ನು ಕೇಳಿ ಕಡಿಮೆ ಮಾಡಿಸಿಕೊಂಡ.

ನಡುವೆ ಒಂದು ತಿಂಗಳು ನಮಗೆ ಮತ್ತೆ ಉರಿ ಹೆಚ್ಚಾಗಿತ್ತು. ಕಾರಣ ಬಾಟಲಿಯ ಹಿಂದಿನ ಸಣ್ಣ ಅಕ್ಷರದಲ್ಲಿ: ಬೆಂಜಾಲ್ಕೋನಿಯಂ ಕ್ಲೋರೈಡ್. ಬಾಟಲಿ ತೆರೆದ ಮೇಲೆ ಕ್ರಿಮಿ ಬೆಳೆಯದಿರಲಿ ಅಂತ ಹಾಕುವ ಸಂರಕ್ಷಕ. ದಿನಕ್ಕೆ ಒಂದೆರಡು ಸಲಕ್ಕೆ ನಡೆಯುತ್ತದೆ. ಪ್ರಾಜೆಕ್ಟ್ ಡೆಡ್‌ಲೈನಿನ ವಾರದಲ್ಲಿ ನಾವು ಹಾಕುತ್ತಿದ್ದದ್ದು ದಿನಕ್ಕೆ ಎಂಟು ಹತ್ತು ಸಲ. ಅಷ್ಟಾದಾಗ ಅದೇ ಕಣ್ಣಿನ ಮೇಲ್ಪದರವನ್ನು ಕೆರೆಯುತ್ತದೆ, ಮೆದುವಾದ ಲೆನ್ಸಾದರೆ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾದವರು ಸಂರಕ್ಷಕ ಇಲ್ಲದ್ದನ್ನು ಕೇಳಿ ತರಬೇಕು. ಒಂದೊಂದೇ ಸಲಕ್ಕೆ ಒಡೆಯುವ ಪುಟ್ಟ ಪ್ಲಾಸ್ಟಿಕ್ ಕೊಳವೆಗಳು ಬರುತ್ತವೆ, ಒಳಗೆ ಗಾಳಿ ಎಳೆದುಕೊಳ್ಳದಂತೆ ಮಾಡಿದ ವಿಶೇಷ ಬಾಟಲಿಯೂ ಬರುತ್ತದೆ. ಬೆಲೆ ಜಾಸ್ತಿ, ಅದು ನಿಜ. ಆದರೆ ಸಂರಕ್ಷಕ ಇಲ್ಲದ್ದನ್ನು ತೆರೆದು ವಾರಗಟ್ಟಲೆ ಇಟ್ಟುಕೊಳ್ಳುವ ಉಳಿತಾಯ ಬೇಡ. 2023ರಲ್ಲಿ ಅಮೆರಿಕದಲ್ಲಿ, ನಮ್ಮ ದೇಶದಲ್ಲೇ ತಯಾರಾದ ಸಂರಕ್ಷಕರಹಿತ ಕೃತಕ ಕಣ್ಣೀರಿನಲ್ಲಿ ಸ್ಯೂಡೋಮೊನಾಸ್ ಸೇರಿ ಕೆಲವರು ಕಣ್ಣನ್ನೇ ಕಳೆದುಕೊಂಡರು, ಜೀವ ಹೋದವರೂ ಇದ್ದರು. ಎಂಟು ಕಣ್ಣಿಗೆ ಒಂದು ಬಾಟಲಿ ಹಂಚಿಕೊಂಡ ದಿನಗಳನ್ನು ನೆನೆಸಿಕೊಂಡರೆ ಈಗ ಮೈ ಜುಂ ಅನ್ನುತ್ತದೆ.

ಹಾಕುವ ರೀತಿಯಲ್ಲೂ ನಾವು ದಡ್ಡರೇ ಆಗಿದ್ದೆವು. ಹಾಕಿದ್ದು ಕಡಿಮೆಯಾಯಿತೇನೋ ಅಂತ ಮೂರು ನಾಲ್ಕು ಹನಿ ಸುರಿದುಕೊಳ್ಳುತ್ತಿದ್ದೆವು. ಸವದತ್ತಿ ಲೆಕ್ಕ ಮಾಡಿ ತೋರಿಸಿದ. ಕಣ್ಣಿನಲ್ಲಿ ಸಾಮಾನ್ಯವಾಗಿ ಇರುವ ನೀರು ಸುಮಾರು 7 ಮೈಕ್ರೊಲೀಟರ್, ಹಿಗ್ಗಿಸಿದರೆ ಹಿಡಿಯುವುದು 30ರ ಆಸುಪಾಸು. ಬಾಟಲಿಯಿಂದ ಬೀಳುವ ಒಂದೇ ಹನಿ 40, 50. ಅಂದರೆ ಮೊದಲನೇ ಹನಿಯೇ ತುಂಬಿ ಚೆಲ್ಲುತ್ತದೆ, ಎರಡನೆಯದು ಕೆನ್ನೆಗೆ. 10 ಮಿಲಿಲೀಟರಿನ ಬಾಟಲಿಯಲ್ಲಿ 200 ಹನಿ ಇದ್ದರೆ, ಎರಡು ಕಣ್ಣಿಗೆ ದಿನಕ್ಕೆ ನಾಲ್ಕು ಸಲ ಹಾಕಿದರೂ 25 ದಿನ ಬರಬೇಕು. ತೆರೆದ ಬಾಟಲಿಯನ್ನು ಹೇಗಿದ್ದರೂ ತಿಂಗಳಿಗೆ ಎಸೆಯಬೇಕು, ಹಾಗಾಗಿ ಲೆಕ್ಕ ಸರಿಹೋಗುತ್ತದೆ. ನಮ್ಮದು ಹತ್ತು ದಿನಕ್ಕೆ ಖಾಲಿಯಾಗುತ್ತಿತ್ತು. ಕೆಳರೆಪ್ಪೆ ಎಳೆದು ಜೇಬು ಮಾಡಿ, ತುದಿ ತಾಗಿಸದೆ ಒಂದು ಹನಿ, ಆಮೇಲೆ ಒಂದು ನಿಮಿಷ ಕಣ್ಣು ಮುಚ್ಚಿ ಮೂಗಿನ ಕಡೆಯ ಮೂಲೆಯನ್ನು ಬೆರಳಿಂದ ಒತ್ತಿ ಹಿಡಿಯುವುದು. ಒತ್ತದಿದ್ದರೆ ಮದ್ದು ಮೂಗಿಗಿಳಿದು ಗಂಟಲಿಗೆ ಹೋಗುತ್ತದೆ. ಎರಡು ಬಗೆಯ ಹನಿ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು, ಜೆಲ್ಲು ಯಾವಾಗಲೂ ಕೊನೆಗೆ. ಕಾಕಾಗೆ ಇದನ್ನೆಲ್ಲ ಕಲಿಸಲಿಕ್ಕೆ ವಿಡಿಯೋ ಕಾಲಿನಲ್ಲಿ ಕಿತ್ತೂರು ಮೂರು ಸಲ ಹಾಕಿ ತೋರಿಸಬೇಕಾಯಿತು.

ಕಾಕಾನ ಒತ್ತಡ ಏಪ್ರಿಲ್‌ನಲ್ಲಿ ನೋಡಿದಾಗ 17, 16. ನಕ್ಷೆಯ ಕಪ್ಪು ತುಂಡು ಅಲ್ಲೇ ಇದೆ, ಬೆಳೆದಿಲ್ಲ. ಆರು ತಿಂಗಳಿಗೊಮ್ಮೆ ನೋಡಿಸಬೇಕು, ಬದುಕಿರುವವರೆಗೂ. ಮಗ್ಗದ ಗೋಡೆಗೆ ಒಂದು ಹಲಗೆ ಹೊಡೆದು ಎರಡು ಬಾಟಲಿ ಇಟ್ಟಿದ್ದಾರೆ. ಮುಚ್ಚಳ ಎರಡರದ್ದೂ ಬಿಳಿ, ತಪ್ಪಾಗದಿರಲಿ ಅಂತ ಒತ್ತಡದ ಬಾಟಲಿಗೆ ಕೆಂಪು ನೂಲು, ಸಿಎಂಸಿ ಬಾಟಲಿಗೆ ಹಸಿರು ನೂಲು ಸುತ್ತಿದ್ದಾರೆ. ಸಂಜೆ ಮಗ್ಗ ನಿಂತ ಕೂಡಲೇ ಒಳಗಿನಿಂದ ಕಾಕಿ ಕೂಗುತ್ತಾರೆ, "ಗಂಜಿ ಹಾಕ್ಕೊಂಡ್ರೇನು?"